ಓದುಗರ ಪ್ರಶ್ನೆ: ಗುಂಬಜಿನೊಳಗೊಂದು ಮ್ಯೂಸಿಯಂ, ಹಮಾಮಿನೊಳಗೊಂದು

ಕಲಬುರಗಿಯ ಸರ್ಕಾರಿ ವಸ್ತುಸಂಗ್ರಹಾಲಯ ಇರುವುದು ಸೇಡಂ ರಸ್ತೆಯ ಎರಡು ಬಹಮನಿ ಗುಂಬಜುಗಳಲ್ಲಿ. ಬೀದರ್ ಕೋಟೆಯೊಳಗಿನ ಮ್ಯೂಸಿಯಂ ಹಿಂದೆ ಅರಸರ ಹಮಾಮ್, ಅಂದರೆ ಸ್ನಾನದ ಮನೆ ಆಗಿತ್ತು. ಇಂಥ ಹಳೆಯ ಕಟ್ಟಡಗಳಲ್ಲಿ ಕಲೆ ನೋಡುವ ಬಗ್ಗೆ ಬಂದ ಪತ್ರಗಳಿಗೆ ಈ ಸಂಚಿಕೆಯಲ್ಲಿ ಉತ್ತರ. ಶಾಸನ, ಶಿಲ್ಪ, ಕಟ್ಟಡ ಸಂರಕ್ಷಣೆ ಬಲ್ಲ ನಮ್ಮ ಬಳಗದವರು ಹಂಚಿಕೊಂಡು ಉತ್ತರಿಸಿದ್ದಾರೆ.

ಪ್ರಶ್ನೆ: ಎಂಟನೇತ್ತದ 60 ಮಕ್ಕಳನ್ನ ಕಲಬುರಗಿ ಮ್ಯೂಸಿಯಂಗೆ ಕರ್ಕೊಂಡು ಹೋಗೋರದೀವಿ. ಹೋದ ವರ್ಷ ಒಳಗ ಹೊಕ್ಕ ಮಕ್ಕಳು ಹತ್ತೇ ನಿಮಿಷಕ್ಕ ಹೊರಗ ಬಂದ್ರು. ಬರೇ ಗದ್ದಲ, ನಾವು ಹೇಳಿದ್ದು ಯಾರಿಗೂ ಕೇಳಿಸಲಿಲ್ಲ. ಹೆಂಗ ಮಾಡಬೇಕ್ರಿ? (ಶಿಕ್ಷಕಿ, ಆಳಂದ ತಾಲ್ಲೂಕು)

ಉತ್ತರ: ಮಕ್ಕಳ ತಪ್ಪಲ್ಲ ಮೇಡಂ, ಕಟ್ಟಡದ ಗುಣ ಅದು. ಗುಂಬಜಿನ ಕೆಳಗೆ ಇರುವುದು ಒಂದೇ ಚೌಕ ಕೋಣೆ. ಕಲ್ಲು, ಗಾರೆಯ ಗೋಡೆ ದನಿಯನ್ನು ಹೀರುವುದಿಲ್ಲ. ಮೇಲಿನ ಗೋಳ ಅದನ್ನು ಮತ್ತೆ ನೆಲದ ನಡುವಿಗೇ ತಿರುಗಿಸುತ್ತದೆ. ಇಬ್ಬರು ಪಿಸುಗುಟ್ಟಿದರೂ ಗುಂಯ್ ಅನ್ನುವ ಜಾಗದಲ್ಲಿ 60 ಮಂದಿ ಮಾತಾಡಿದರೆ ಯಾರ ಮಾತೂ ಯಾರಿಗೂ ತಿಳಿಯುವುದಿಲ್ಲ. ಶಿಕ್ಷಕರು ದನಿ ಏರಿಸಿದಷ್ಟೂ ಗದ್ದಲ ಹೆಚ್ಚುತ್ತದೆ.

15 ಮಕ್ಕಳ ನಾಲ್ಕು ತಂಡ ಮಾಡಿ. ಎರಡು ಗುಂಬಜುಗಳಿರುವುದರಿಂದ ಒಂದೊಂದರಲ್ಲಿ ಒಂದು ತಂಡ ಇರಲಿ. ಮೂರನೆಯದು ಹೊರಗಿನ ಶಿಲ್ಪಗಳ ಹತ್ತಿರ ಇರಲಿ, ನಾಲ್ಕನೆಯದು ನೆರಳಲ್ಲಿ ಕೂತು ಕಟ್ಟಡದ ಚಿತ್ರ ಬರೆಯಲಿ. 20 ನಿಮಿಷಕ್ಕೊಮ್ಮೆ ಸರದಿ ಬದಲಿಸಿದರೆ ಒಂದು ಗಂಟೆ ಇಪ್ಪತ್ತು ನಿಮಿಷದಲ್ಲಿ ಎಲ್ಲರದೂ ಮುಗಿಯುತ್ತದೆ. ಒಳಗೆ ವಿವರಿಸುವಾಗ ಕೋಣೆಯ ನಟ್ಟನಡುವೆ ನಿಲ್ಲಬೇಡಿ, ದನಿ ಅತಿ ಹೆಚ್ಚು ಕಲಸಿಹೋಗುವುದು ಅಲ್ಲೇ. ಗೋಡೆಗೆ ಬೆನ್ನು ಮಾಡಿ ನಿಂತು, ಮಕ್ಕಳನ್ನು ಎರಡು ಮೀಟರ್ ಒಳಗೆ ಅರ್ಧಚಂದ್ರಾಕಾರದಲ್ಲಿ ಕೂಡಿಸಿ, ಮಾತನ್ನು ಬಿಡಿಬಿಡಿಯಾಗಿ ಆಡಿ. ಅದಕ್ಕಿಂತ ಒಳ್ಳೆಯದು ಹೇಳುವುದನ್ನೆಲ್ಲ ಹೊರಗೇ ಹೇಳಿ ಮುಗಿಸಿ, ಒಳಗೆ ನೋಡಲು ಮಾತ್ರ ಬಿಡುವುದು.

ಕೈಗೆ 20 ಪ್ರಶ್ನೆಗಳ ಹಾಳೆ ಕೊಟ್ಟರೆ ಮಕ್ಕಳು ಫಲಕ ನಕಲು ಮಾಡುತ್ತಾರೆಯೇ ಹೊರತು ಶಿಲ್ಪ ನೋಡುವುದಿಲ್ಲ. ಮೂರು ಕೆಲಸ ಸಾಕು. ಒಂದು, ಯಾವುದಾದರೂ ಒಂದು ಮೂರ್ತಿಯ ಕೈಗಳಲ್ಲಿ ಏನೇನಿದೆ ಎಂದು ಎಣಿಸಿ ಬರೆಯುವುದು. ಎರಡು, ಒಡೆದುಹೋದ ಭಾಗ ಯಾವುದು, ಅಲ್ಲಿ ಏನಿದ್ದಿರಬಹುದು ಎಂದು ಊಹಿಸುವುದು. ಮೂರು, ಕಲ್ಲಿನ ಬಣ್ಣ ನೋಡಿ ಮೂರು ಬೇರೆ ಜಾತಿಯ ಕಲ್ಲು ಹುಡುಕುವುದು. ಇದು ನಮ್ಮ ಜಿಲ್ಲೆಯ ಮಕ್ಕಳಿಗೆ ಸುಲಭ, ಶಹಾಬಾದ್ ಫರ್ಸಿ ತುಳಿದೇ ಬೆಳೆದವರು.

ಪೆನ್ನು ಬೇಡ, ಪೆನ್ಸಿಲ್ ತರಲಿ. ಕಲ್ಲಿಗೆ ತಗುಲಿದ ಶಾಯಿ ಒಳಗಿಳಿಯುತ್ತದೆ. ಬೆನ್ನಚೀಲ ಬಸ್ಸಿನಲ್ಲೇ ಇರಲಿ. ಮಗು ಹಿಂದಕ್ಕೆ ತಿರುಗಿದಾಗ ಪೀಠದ ಮೇಲಿನ ವಸ್ತುವಿಗೆ ಬಡಿಯುವುದು ಆ ಚೀಲವೇ. ವಾರ ಮೊದಲೇ ಮುಖ್ಯಶಿಕ್ಷಕರ ಸಹಿಯ ಪತ್ರ ಕಳಿಸಿ, ಮಕ್ಕಳ ಸಂಖ್ಯೆ, ಬರುವ ಹೊತ್ತು ಎರಡನ್ನೂ ತಿಳಿಸಿ. ರಾಜ್ಯ ಸರ್ಕಾರದ ಮ್ಯೂಸಿಯಂಗಳಿಗೆ ಸಾಮಾನ್ಯವಾಗಿ ಸೋಮವಾರ ರಜೆ.

ಪ್ರಶ್ನೆ: ಮ್ಯೂಸಿಯಂ ಇರೋದು ಗೋರಿ ಗುಂಬಜಿನಾಗ ಅಂತಾರ. ಚಪ್ಪಲಿ ಬಿಡಬೇಕೇನ್ರಿ? ತಲಿ ಮ್ಯಾಲ ವಸ್ತ್ರ ಹಾಕ್ಕೋಬೇಕೇನು? (ಕಮಲಾಪುರ)

ಉತ್ತರ: ಅಲ್ಲಿ ಪ್ರಾರ್ಥನೆ, ಪೂಜೆ ನಡೆಯುವುದಿಲ್ಲವಾದ್ದರಿಂದ ಎರಡೂ ಬೇಕಿಲ್ಲ. ದರ್ಗಾ, ಮಸೀದಿ, ಬಸದಿಯ ಮಾತು ಬೇರೆ, ಅಲ್ಲಿಯ ಕ್ರಮ ಅಲ್ಲಿಗೆ. ಯಾವುದೇ ಗುಂಬಜಿನೊಳಗೆ ಸಮಾಧಿಯ ಕಲ್ಲು ಕಂಡರೆ ಅದರ ಮೇಲೆ ಕೂರುವುದು, ಚೀಲ ಇಡುವುದು ಮಾತ್ರ ಬೇಡ.

ಪ್ರಶ್ನೆ: ಮ್ಯೂಸಿಯಂಗೆ ಹೋದಾಗಲೆಲ್ಲ ಮೂರ್ತಿಗಳನ್ನಷ್ಟೇ ನೋಡಿ ಬರುತ್ತೇವೆ. ಕಟ್ಟಡವನ್ನೂ ನೋಡಿ ಎನ್ನುತ್ತೀರಿ. ನಮ್ಮಂಥವರು ಗುಂಬಜಿನಲ್ಲಿ ಏನು ನೋಡಬೇಕು? (ಪದವಿ ವಿದ್ಯಾರ್ಥಿ, ಕಲಬುರಗಿ)

ಉತ್ತರ: ಮೂಲೆಯಿಂದ ಶುರು ಮಾಡಿ. ಕೋಣೆ ಚೌಕ, ಗುಂಬಜು ದುಂಡು. ಚೌಕದ ಮೇಲೆ ದುಂಡನ್ನು ಕೂಡಿಸಿದರೆ ನಾಲ್ಕು ಮೂಲೆಗಳು ಖಾಲಿ ಉಳಿಯುತ್ತವೆ, ಅಲ್ಲಿ ಭಾರ ಹೊರಲು ಏನೂ ಇರುವುದಿಲ್ಲ. ಈ ಲೆಕ್ಕವನ್ನು ಕಟ್ಟುವವರು ಬಿಡಿಸಿದ್ದು ಮೂಲೆಗೊಂದು ಅಡ್ಡ ಕಮಾನು ಹಾಕಿ. ತಲೆ ಎತ್ತಿ ಒಂದು ಮೂಲೆಯನ್ನು ಕೆಳಗಿನಿಂದ ಮೇಲಕ್ಕೆ ನಿಧಾನ ನೋಡುತ್ತ ಹೋಗಿ. ಎರಡು ಗೋಡೆ ಕೂಡುವ ಗೆರೆ ಆಳೆತ್ತರ ದಾಟಿ ಮೇಲೆ ಹೋಗಿ ಒಂದು ಕಡೆ ನಿಲ್ಲುತ್ತದೆ. ಅಲ್ಲಿಂದ ಕಮಾನು ಹುಟ್ಟಿ ಆ ಮೂಲೆಯನ್ನು ಓರೆಯಾಗಿ ಮುಚ್ಚುತ್ತದೆ. ನಾಲ್ಕೂ ಮೂಲೆಗಳಲ್ಲಿ ಹೀಗೆ ಮಾಡಿದಾಗ ಚೌಕ ಎಂಟು ಮೂಲೆಯಾಗುತ್ತದೆ. ಅದರ ಮೇಲೆ ಇನ್ನೊಂದು ಪಟ್ಟಿಯಲ್ಲಿ ಹದಿನಾರಾಗುವುದೂ ಉಂಟು. ಹದಿನಾರರಿಂದ ದುಂಡಿಗೆ ಹೋಗುವುದು ಕಷ್ಟವಲ್ಲ. ಎಷ್ಟು ಹಂತದಲ್ಲಿ ದುಂಡಾಗಿದೆ ಎಂದು ಎಣಿಸಿ. ಒಮ್ಮೆ ಇದು ಕಣ್ಣಿಗೆ ಬಿದ್ದರೆ ಆಮೇಲೆ ಯಾವ ಗುಂಬಜಿಗೆ ಹೋದರೂ ಮೊದಲು ನೋಡುವುದು ಮೂಲೆಯನ್ನೇ.

ಎರಡನೆಯದು ಬಾಗಿಲ ಹತ್ತಿರ ಗೋಡೆಯ ದಪ್ಪ. ಗೋಳ ತನ್ನ ಭಾರವನ್ನು ಕೆಳಕ್ಕಷ್ಟೇ ಅಲ್ಲ, ಹೊರಕ್ಕೂ ತಳ್ಳುತ್ತದೆ. ಆ ನೂಕನ್ನು ತಡೆಯುವುದು ಗೋಡೆಯ ತೂಕ. ಬಹಮನಿಗಳ ಮೊದಲ ಕಾಲದ ಗೋರಿಗಳಲ್ಲಿ, ಅಂದರೆ 1347ರಲ್ಲಿ ರಾಜ್ಯ ಕಟ್ಟಿದ ನಂತರದ ದಶಕಗಳಲ್ಲಿ, ಗೋಡೆ ತುಂಬ ದಪ್ಪ, ಹೊರಮೈ ಮೇಲಕ್ಕೆ ಹೋದಂತೆ ಸ್ವಲ್ಪ ಒಳಕ್ಕೆ ವಾಲಿರುತ್ತದೆ, ಬಾಗಿಲು ಚಿಕ್ಕದು, ಅಲಂಕಾರ ಕಡಿಮೆ. ದೆಹಲಿಯ ತುಘಲಕರ ಕಟ್ಟಡಗಳ ಛಾಯೆ ಅದು. ಏಪ್ರಿಲ್‌ನ ಬಿಸಿಲಲ್ಲೂ ಒಳಗೆ ತಂಪಿರುವುದಕ್ಕೆ ಇದೇ ಗೋಡೆ ಕಾರಣ. ಹಗಲಿನ ಕಾವು ಅದನ್ನು ದಾಟಿ ಒಳಗೆ ಬರುವಷ್ಟರಲ್ಲಿ ಸಂಜೆಯಾಗಿರುತ್ತದೆ.

ಇದನ್ನು ನೋಡಿದ ದಿನವೇ ಕಲಬುರಗಿಯಲ್ಲೇ ಬಹಮನಿ ಅರಸರ ಗೋರಿಗಳಿರುವ ಹಫ್ತ್ ಗುಂಬಜಿಗೂ ಹೋಗಿ ಬನ್ನಿ. 1422ರಲ್ಲಿ ತೀರಿಕೊಂಡ ಫಿರೋಜ್ ಷಾ ಬಹಮನಿಯ ಗೋರಿಯಲ್ಲಿ ಒಂದು ಕೋಣೆಯ ಬದಲು ಎರಡು ಕೋಣೆ, ಎರಡು ಗುಂಬಜು ಜೋಡಿಯಾಗಿವೆ. ಹೊರಗೋಡೆಯಲ್ಲಿ ಕಮಾನುಗಳ ಸಾಲು, ಕೊರೆದ ಕಲ್ಲಿನ ಆಸರೆಯ ಮೇಲೆ ಛಜ್ಜ (ಹೊರಚಾಚಿದ ಸೂರು), ಒಳಗೆ ಗಚ್ಚಿನ ಹೂಬಳ್ಳಿ. ಆ ಆಸರೆಗಲ್ಲುಗಳನ್ನು ಕಡೆದ ಕೈ ನಮ್ಮ ದೇವಾಲಯಗಳ ಕೆಲಸ ಬಲ್ಲ ಕೈ ಎಂಬುದು ನೋಡಿದರೆ ಗೊತ್ತಾಗುತ್ತದೆ. ನಮ್ಮನ್ನು ಕೇಳಿದರೆ, ಮ್ಯೂಸಿಯಂನಲ್ಲಿ ಇಡಬೇಕಾದಂಥ ಶಿಲ್ಪ ಅಲ್ಲಿ ಗೋಡೆಯಲ್ಲೇ ಇದೆ, ನೋಡುವವರು ಕಡಿಮೆ. ಹೆಜ್ಜೇನು ಕಟ್ಟಿದ್ದು ಕಂಡರೆ ಮಾತ್ರ ಹೊಗೆ, ಕೂಗಾಟ ಮಾಡದೆ ದೂರ ಸರಿಯಿರಿ.

ಪ್ರಶ್ನೆ: ಫ್ಲ್ಯಾಶ್ ಹಾಕಬೇಡಿ ಎನ್ನುತ್ತಾರೆ. ಸಾವಿರ ವರ್ಷ ಬಿಸಿಲು ಮಳೆಯಲ್ಲಿ ಬಿದ್ದಿದ್ದ ಕಲ್ಲಿಗೆ ಒಂದು ಫ್ಲ್ಯಾಶಿನಿಂದ ಏನಾದೀತು? (ಯಾದಗಿರಿ)

ಉತ್ತರ: ಕಲ್ಲಿಗೆ ಏನೂ ಆಗುವುದಿಲ್ಲ, ನಿಮ್ಮ ತರ್ಕ ಸರಿ. ಹಾಳಾಗುವುದು ಬಣ್ಣ, ಕಾಗದ, ಬಟ್ಟೆ, ತಾಳೆಗರಿ. ಇವುಗಳಿಗೆ ಬೆಳಕಿನ ಪೆಟ್ಟು ಕೂಡುತ್ತ ಹೋಗುತ್ತದೆ, ಒಮ್ಮೆ ಮಾಸಿದ ಬಣ್ಣ ಮರಳುವುದಿಲ್ಲ. ಅದಕ್ಕೇ ಮ್ಯೂಸಿಯಂಗಳಲ್ಲಿ ಕಾಗದ, ಬಟ್ಟೆ, ಜಲವರ್ಣಗಳಿಗೆ 50 ಲಕ್ಸ್ (ಲಕ್ಸ್ ಅಂದರೆ ಬೆಳಕಿನ ಅಳತೆ), ತೈಲವರ್ಣಕ್ಕೆ 150ರಿಂದ 200 ಲಕ್ಸ್ ಬೆಳಕು ಎಂಬ ಮಿತಿ ಇಟ್ಟುಕೊಳ್ಳುತ್ತಾರೆ. ಮಧ್ಯಾಹ್ನದ ನೇರ ಬಿಸಿಲು ಲಕ್ಷ ಲಕ್ಸ್ ಮುಟ್ಟುತ್ತದೆ. ಒಂದು ಕೋಣೆಯಲ್ಲಿ ಕಲ್ಲೂ ಇದ್ದು ಚಿತ್ರವೂ ಇದ್ದರೆ ಕಾವಲಿನವರು ವಸ್ತುವಿಗೊಂದು ನಿಯಮ ಹೇಳುತ್ತ ಕೂರಲಾರರು, ಹಾಗಾಗಿ ಎಲ್ಲಕ್ಕೂ ಬೇಡ ಎನ್ನುತ್ತಾರೆ.

ಹಾಗೆ ನೋಡಿದರೆ ಫ್ಲ್ಯಾಶ್ ನಿಮ್ಮ ಫೋಟೋಗೇ ಶತ್ರು. ಎದುರಿನಿಂದ ಬಿದ್ದ ಬೆಳಕು ಶಿಲ್ಪದ ನೆರಳನ್ನೆಲ್ಲ ಅಳಿಸಿ ಚಪ್ಪಟೆ ಮಾಡುತ್ತದೆ. ಮೊಬೈಲಿನಲ್ಲಿ ಶಿಲ್ಪದ ಮುಖದ ಮೇಲೆ ಬೆರಳೊತ್ತಿ ಫೋಕಸ್ ಹಿಡಿದು, ಬೆಳಕಿನ ಗುರುತನ್ನು ಸ್ವಲ್ಪ ಕೆಳಗೆ ಎಳೆಯಿರಿ. ಮೊಣಕೈ ಎರಡನ್ನೂ ಪಕ್ಕೆಗೆ ಒತ್ತಿ, ಮೂರು ಸೆಕೆಂಡ್ ಟೈಮರ್ ಇಡಿ. ಗುಂಡಿ ಒತ್ತುವ ಅಲುಗಾಟ ತಪ್ಪುತ್ತದೆ. ಗಾಜಿನ ಪೆಟ್ಟಿಗೆಯಾದರೆ ನೇರ ನಿಲ್ಲದೆ ಒಂದು ಪಕ್ಕಕ್ಕೆ ಓರೆಯಾಗಿ ನಿಂತರೆ ನಿಮ್ಮ ಬಿಂಬ ಬೀಳುವುದಿಲ್ಲ. ಬಿಳಿ ಅಂಗಿ ಹಾಕಿ ಹೋದವರ ಫೋಟೋದಲ್ಲಿ ಅಂಗಿಯೇ ಕಾಣುತ್ತದೆ. ಟ್ರೈಪಾಡ್, ವಿಡಿಯೋ ಚಿತ್ರೀಕರಣಕ್ಕೆ ಮುಂಚಿತ ಅನುಮತಿ ಬೇಕು.

ಪ್ರಶ್ನೆ: ಕಲಬುರಗಿಯಿಂದ ಒಂದೇ ದಿನದಲ್ಲಿ ಬೀದರ್ ನೋಡಿ ಬರಬೇಕು. ಹಿಂದೊಮ್ಮೆ ಹೋದಾಗ ಮ್ಯೂಸಿಯಂಗೆ ಬೀಗ, ರಂಗೀನ್ ಮಹಲಿಗೂ ಬೀಗ. ಈ ಸಲ ಹಾಗಾಗದಂತೆ ಏನು ಮಾಡಬೇಕು? (ಬ್ಯಾಂಕ್ ಉದ್ಯೋಗಿ, ಕಲಬುರಗಿ)

ಉತ್ತರ: ನೀವು ಹೋದದ್ದು ಶುಕ್ರವಾರ ಇರಬೇಕು. ಕೇಂದ್ರ ಪುರಾತತ್ವ ಇಲಾಖೆಯ ತಾಣ ಮ್ಯೂಸಿಯಂಗಳಿಗೆ ಸಾಮಾನ್ಯವಾಗಿ ಶುಕ್ರವಾರ ರಜೆ. ಕಲಬುರಗಿಯ ಸೋಮವಾರದ ಲೆಕ್ಕ ಇಟ್ಟುಕೊಂಡು ಬೀದರಿಗೆ ಹೋದರೆ ಹೀಗಾಗುತ್ತದೆ. ಕೋಟೆಯೊಳಗಿನ ಅರಮನೆ ರಂಗೀನ್ ಮಹಲ್ ಹೆಚ್ಚಾಗಿ ಬೀಗ ಹಾಕಿಯೇ ಇರುತ್ತದೆ, ಮ್ಯೂಸಿಯಂನಲ್ಲಿರುವ ಇಲಾಖೆಯ ಸಿಬ್ಬಂದಿಯನ್ನು ಕೇಳಿದರೆ ಜೊತೆಗೆ ಒಬ್ಬರನ್ನು ಕಳಿಸಿ ತೆಗೆಸುತ್ತಾರೆ. ಮ್ಯೂಸಿಯಂ ಮುಚ್ಚಿದ ದಿನ ಕೇಳಲು ಯಾರೂ ಸಿಗುವುದಿಲ್ಲ, ಹಾಗಾಗಿ ನಿಮಗೆ ಎರಡೂ ತಪ್ಪಿದವು.

2017ರಿಂದ ಬೀದರ್–ಕಲಬುರಗಿ ರೈಲು ಹಳಿ ಇದೆ, ಸುಮಾರು 110 ಕಿ.ಮೀ. ಹೊತ್ತು ಹೊಂದದಿದ್ದರೆ ಹುಮನಾಬಾದ್ ಮೇಲಿನ ಬಸ್ಸು. ದಾರಿಯಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣು ಸಿಕ್ಕರೆ ಬಿಡಬೇಡಿ, ಕೋಟೆಯೊಳಗೆ ತಿನ್ನಲು ಬೇರೇನೂ ಸಿಗುವ ಭರವಸೆ ಇಲ್ಲ.

ಕೋಟೆಗೆ ಬಂದವರು ಮೊದಲು ಸಿಕ್ಕ ಬುರುಜು ಹತ್ತಿ ಹೊತ್ತು ಕಳೆಯುತ್ತಾರೆ. ನೀವು ಸೀದಾ ಲಾಲ್ ಬಾಗಿನ ಎದುರಿನ ಮ್ಯೂಸಿಯಂಗೆ ಹೋಗಿ, ರಂಗೀನ್ ಮಹಲ್ ನೋಡಬೇಕೆಂದು ಮೊದಲೇ ಹೇಳಿಡಿ. ಆಮೇಲೆ ಹಮಾಮನ್ನು ನೋಡಿ. ಸ್ನಾನದ ಮನೆಗೆ ಮರೆ ಬೇಕು, ಕಾವು ಉಳಿಯಬೇಕು, ಹಾಗಾಗಿ ಹಮಾಮುಗಳಲ್ಲಿ ಗೋಡೆಗೆ ದೊಡ್ಡ ಕಿಟಕಿ ಇಡುತ್ತಿರಲಿಲ್ಲ, ಬೆಳಕನ್ನು ಮೇಲಿನಿಂದ ಬಿಡುವುದು ರೂಢಿ. ಆಯುಧ, ಶಿಲ್ಪ ಇಡಲು ಇಂಥ ಕೋಣೆ ಒಂದು ರೀತಿಯಲ್ಲಿ ಅನುಕೂಲ, ನೋಡುವವರಿಗೆ ಮಾತ್ರ ಮಬ್ಬು. ಬಿಸಿಲಿನಿಂದ ಬಂದವರು ಒಳಗೆ ಕಾಲಿಟ್ಟು ಐದು ನಿಮಿಷ ಸುಮ್ಮನೆ ನಿಲ್ಲಿ, ಕಣ್ಣು ಹೊಂದಿಕೊಂಡ ಮೇಲೆ ನೋಡಲು ಶುರು ಮಾಡಿ. ತಂಪು ಕನ್ನಡಕ ಬಾಗಿಲ ಹೊರಗೇ ತೆಗೆದುಬಿಡಿ.

ರಂಗೀನ್ ಮಹಲಿಗೆ ಕನಿಷ್ಠ ಅರ್ಧ ಗಂಟೆ ಕೊಡಿ. ಈಗ ಕಾಣುವ ರೂಪ ಬೀದರಿನ ಅರಸ ಅಲಿ ಬರೀದ್ ಷಾನ ಕಾಲದ್ದು (ಆಳ್ವಿಕೆ 1542–1580). ಮೊದಲು ಕೆತ್ತನೆಯ ಮರದ ಕಂಬಗಳು, ಒಳಕ್ಕೆ ಹೋದಂತೆ ಬಣ್ಣದ ಹೆಂಚಿನ ಕೆಲಸ, ಆಮೇಲೆ ಕರಿಕಲ್ಲಿನೊಳಗೆ ಕೂಡಿಸಿದ ಮುತ್ತಿನ ಚಿಪ್ಪು. ಈ ಚಿಪ್ಪಿನ ಕೆಲಸವನ್ನು ಎದುರು ನಿಂತು ನೋಡಿದರೆ ಬಿಳಿ ಗೆರೆ, ಅಷ್ಟೇ. ಒಂದು ಹೆಜ್ಜೆ ಎಡಕ್ಕೆ, ಒಂದು ಹೆಜ್ಜೆ ಬಲಕ್ಕೆ ಸರಿಯುತ್ತ ನೋಡಿ, ಅದೇ ಗೆರೆ ಹಸಿರಾಗಿ, ಗುಲಾಬಿಯಾಗಿ ಹೊಳೆಯುತ್ತದೆ. ಬೆರಳಿಟ್ಟು ಸವರಬೇಡಿ. ಕಲ್ಲನ್ನು ಕೊರೆದು ತೆಳುವಾದ ಚಿಪ್ಪು ಕೂಡಿಸಿದ್ದು, ಅಂಚು ಎದ್ದ ಕಡೆ ಉಗುರು ಸಿಕ್ಕರೆ ಚೂರು ಕೈಗೇ ಬರುತ್ತದೆ.

ಅಲ್ಲಿಂದ ಸೋಲಾ ಖಂಬ್ ಮಸೀದಿ, ತಖ್ತ್ ಮಹಲ್. ಊಟ ಊರೊಳಗೆ. ಮಧ್ಯಾಹ್ನ ಊರ ನಡುವಿನ ಹಳೆಯ ಕಾವಲು ಗೋಪುರ ಚೌಬಾರಾದ ದಾರಿಯಲ್ಲಿ ಮಹಮೂದ್ ಗವಾನ್ ಮದರಸಾ (1472). 1696ರ ಸ್ಫೋಟದಲ್ಲಿ ಅದರ ದೊಡ್ಡ ಭಾಗವೇ ಹೋಗಿದೆ, ಉಳಿದ ಮಿನಾರಿನ ಅಂಕುಡೊಂಕು ಹೆಂಚಿನ ಪಟ್ಟಿ ನೋಡಲೇಬೇಕು. ಕೊನೆಗೆ ಆಟೋ ಹಿಡಿದು ಮೂರು ಕಿ.ಮೀ. ದೂರದ ಅಷ್ಟೂರು. ನಾಲ್ಕು ಗಂಟೆಯೊಳಗೆ ಅಲ್ಲಿರಿ. 1436ರಲ್ಲಿ ತೀರಿಕೊಂಡ ಬಹಮನಿ ಸುಲ್ತಾನ ಅಹ್ಮದ್ ಷಾ ವಲಿಯ ಗುಂಬಜಿನ ಒಳಮೈ ಪೂರ್ತಿ ಕೆಂಪು, ನೀಲಿ, ಬಂಗಾರದ ಬಣ್ಣದ ಚಿತ್ತಾರ ಮತ್ತು ಅಕ್ಷರಗಳು. ಕಲೆಯ ಮ್ಯೂಸಿಯಂ ನೋಡುವ ಆಸೆಯಿಂದ ಬೀದರಿಗೆ ಬರುವವರಿಗೆ ನಿಜವಾದ ಚಿತ್ರಶಾಲೆ ಇದೇ. ಹೊತ್ತು ಇಳಿದ ಮೇಲೆ ಮೇಲಿನ ಬಣ್ಣ ಕಾಣುವುದಿಲ್ಲ, ಆದ್ದರಿಂದ ಎಷ್ಟೇ ಗಡಿಬಿಡಿಯಾದರೂ ಮದರಸಾದಲ್ಲಿ ಹೊತ್ತು ಉಳಿಸಿ, ಇಲ್ಲಿ ಕಳೆಯಿರಿ.

ಪ್ರಶ್ನೆ: ಮ್ಯೂಸಿಯಂ ಅಂಗಳದ ವೀರಗಲ್ಲು, ಶಾಸನ ನೋಡಿದರೆ ಒಂದೂ ತಿಳಿಯುವುದಿಲ್ಲ. ನಮ್ಮೂರಲ್ಲೂ ಒಂದು ಕಲ್ಲಿದೆ, ಅಕ್ಷರ ಕಾಣಲೆಂದು ಸೀಮೆಸುಣ್ಣ ತಿಕ್ಕುತ್ತೇವೆ. ಸರಿಯೇ? (ಚಿತ್ತಾಪುರ ತಾಲ್ಲೂಕು)

ಉತ್ತರ: ಸೀಮೆಸುಣ್ಣ ಬಿಟ್ಟುಬಿಡಿ. ಅದರ ಪುಡಿ ಸಣ್ಣ ರಂಧ್ರಗಳಲ್ಲಿ ಕೂತು ಮುಂದಿನ ಸಲ ಓದುವವರಿಗೆ ಗೆರೆಯೂ ಬಿರುಕೂ ಒಂದೇ ಆಗಿ ಕಾಣುತ್ತದೆ. ನೀವು ತಪ್ಪು ಗೆರೆಯ ಮೇಲೆ ಎಳೆದಿದ್ದರೆ ಇಲ್ಲದ ಅಕ್ಷರವೇ ಹುಟ್ಟುತ್ತದೆ. ಎಣ್ಣೆಯಿಂದ ಧೂಳು ಅಂಟಿ ಕಪ್ಪಾಗುತ್ತದೆ. ನಿಂಬೆ, ಹುಣಸೆ ಹಾಕಿ ತೊಳೆಯುವುದಂತೂ ನಿಮ್ಮ ಭಾಗದಲ್ಲಿ ಬೇಡವೇ ಬೇಡ. ಚಿತ್ತಾಪುರ, ಶಹಾಬಾದ್, ಸನ್ನತಿ ಕಡೆ ಹೆಚ್ಚಿರುವುದು ಸುಣ್ಣದಕಲ್ಲು, ಹುಳಿ ತಾಗಿದ ಕೂಡಲೇ ಅದು ಕರಗಲು ಶುರುವಾಗುತ್ತದೆ.

ಓದಲು ಬೇಕಾದದ್ದು ಓರೆ ಬೆಳಕು. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ, ಮೈಗೆ ಹೆಚ್ಚುಕಡಿಮೆ ತಾಗುವಂತೆ ಹಿಡಿದು ಬೆಳಕನ್ನು ಉದ್ದಕ್ಕೆ ಹಾಯಿಸಿ. ಸವೆದ ಅಕ್ಷರದ ಒಂದು ಅಂಚಿಗೆ ನೆರಳು ಬಿದ್ದು ಎದ್ದು ಕಾಣುತ್ತದೆ. ಎಡದಿಂದ, ಬಲದಿಂದ, ಮೇಲಿನಿಂದ ಹೀಗೆ ಮೂರು ದಿಕ್ಕಿನ ಬೆಳಕಲ್ಲಿ ಒಂದೊಂದು ಫೋಟೋ ತೆಗೆಯಿರಿ. ಒಂದರಲ್ಲಿ ಕಾಣದ ಗೆರೆ ಇನ್ನೊಂದರಲ್ಲಿ ಸಿಗುತ್ತದೆ. ಹಗಲಲ್ಲಿ ನೋಡುವುದಾದರೆ ಬೆಳಗ್ಗೆ ಎಂಟರೊಳಗೆ ಇಲ್ಲವೇ ಸಂಜೆ ಐದರ ನಂತರ. ನಡುಮಧ್ಯಾಹ್ನದ ಬೆಳಕಿನಲ್ಲಿ ಪಂಡಿತರೂ ಓದಲಾರರು. ಮ್ಯೂಸಿಯಂನೊಳಗೆ ಟಾರ್ಚ್ ಬಳಸುವ ಮೊದಲು ಸಿಬ್ಬಂದಿಯನ್ನು ಕೇಳಿ.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಎಲ್ಲಕ್ಕಿಂತ ಕೆಳಗಿನ ಪಟ್ಟಿಯಲ್ಲಿ ಕಾಳಗ. ದನಗಳು ಕಂಡರೆ ತುರುಗಾಳಗದಲ್ಲಿ ಸತ್ತವನು. ನಡುವಿನ ಪಟ್ಟಿಯಲ್ಲಿ ಅಪ್ಸರೆಯರು ಅವನನ್ನು ಎರಡೂ ಕಡೆ ಹಿಡಿದು ಮೇಲಕ್ಕೆ ಒಯ್ಯುತ್ತಿರುತ್ತಾರೆ. ಮೇಲೆ ಲಿಂಗದ ಎದುರು ಕೂತಿರುತ್ತಾನೆ, ಎಲ್ಲಕ್ಕಿಂತ ಮೇಲೆ ಸೂರ್ಯ, ಚಂದ್ರ. ದಾನಶಾಸನದ ನೆತ್ತಿಯಲ್ಲೂ ಸೂರ್ಯ ಚಂದ್ರರಿರುತ್ತಾರೆ, ಅವರು ಇರುವತನಕ ದಾನ ನಡೆಯಲಿ ಎಂದು. ಹಸು ಕರು, ಲಿಂಗ, ಖಡ್ಗ ಹೆಚ್ಚಾಗಿ ಜೊತೆಗಿರುತ್ತವೆ. ಸಾಲಾಗಿ ಕೂತ ಏಳು ಸ್ತ್ರೀಮೂರ್ತಿಗಳು ಕಂಡರೆ ಸಪ್ತಮಾತೃಕೆಯರು. ಒಂದು ತುದಿಯಲ್ಲಿ ಗಣಪತಿ ಇದ್ದಾನೆಯೇ ನೋಡಿ, ಇನ್ನೊಂದು ತುದಿಯಲ್ಲಿ ವೀರಭದ್ರ ಇರುವ ಸಾಧ್ಯತೆ ಹೆಚ್ಚು. ಬತ್ತಲೆ ನಿಂತ ಮೂರ್ತಿಯ ತಲೆಯ ಮೇಲೆ ಏಳು ಹೆಡೆ ಇದ್ದರೆ ಪಾರ್ಶ್ವನಾಥ. ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ನಾಡು ನಮ್ಮದು, ಜೈನ ಶಿಲ್ಪ ಸಿಗದಿದ್ದರೇ ಆಶ್ಚರ್ಯ.

ಕಲ್ಲನ್ನು ಮಾತ್ರ ಇದ್ದ ಜಾಗದಿಂದ ಕದಲಿಸಬೇಡಿ. ಸನ್ನತಿಯಲ್ಲಿ ಅಶೋಕನ ಶಾಸನದ ಕಲ್ಲು ದೇವಿಯ ಮೂರ್ತಿಗೆ ಪೀಠವಾಗಿ ಕೂತಿತ್ತು. 1986ರಲ್ಲಿ ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿ ಗುಡಿಯ ಛಾವಣಿ ಕುಸಿದಾಗಲೇ ಅದು ಹೊರಬಿದ್ದದ್ದು.

ಪ್ರಶ್ನೆ: ಹುಮನಾಬಾದ್ ಹತ್ತಿರ ನಮ್ಮ ಅಜ್ಜನ ಕಾಲದ ವಾಡೆ ಖಾಲಿ ಬಿದ್ದದ. ಪಡಸಾಲಿ, ಎರಡು ಕೋಣಿಗಳಾಗ ಚಿತ್ರ ತೂಗುಹಾಕಿ ಸಣ್ಣ ಗ್ಯಾಲರಿ ಮಾಡಬೇಕಂತ ಆಸೆ. ಗ್ವಾಡಿ ಕೆಳಗ ಬಿಳಿ ಪುಡಿ ಉದುರ್ತದ. ಸಿಮೆಂಟ್ ಪ್ಲಾಸ್ಟರ್ ಹೊಡಸ್ರಿ ಅಂತ ಮೇಸ್ತ್ರಿ ಅಂತಾನ. ಹೊಡಸ್ಲೇನ್ರಿ? (ಹುಮನಾಬಾದ್)

ಉತ್ತರ: ಸಿಮೆಂಟ್ ಬೇಡ. ಆ ಬಿಳಿ ಪುಡಿ ಉಪ್ಪು. ನೆಲದ ನೀರು ಗೋಡೆಯೊಳಗೆ ಏರಿ, ಮೈಯಲ್ಲಿ ಆರುವಾಗ ಉಪ್ಪನ್ನು ಬಿಟ್ಟುಹೋಗುತ್ತದೆ. ಉಪ್ಪು ಹರಳುಗಟ್ಟಿ ಉಬ್ಬಿದಾಗ ಗಾರೆ ಒಡೆದು ಉದುರುತ್ತದೆ. ಸುಣ್ಣದ ಗಾರೆಯಲ್ಲಿ ನೀರು ಆವಿಯಾಗಿ ಹೋಗಲು ದಾರಿಯಿದೆ, ಸಿಮೆಂಟು ಆ ದಾರಿ ಮುಚ್ಚುತ್ತದೆ. ನೀರು ಅಲ್ಲಿಗೇ ನಿಲ್ಲದೆ ಸಿಮೆಂಟ್ ಮುಗಿಯುವ ಎತ್ತರದವರೆಗೆ ಏರಿ ಅಲ್ಲಿ ಹೊರಬರುತ್ತದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಮೊಳಕಾಲೆತ್ತರದ ಕಲೆ ಎದೆಯೆತ್ತರಕ್ಕೆ ಬಂದಿರುತ್ತದೆ, ಅಂದರೆ ಸರಿಯಾಗಿ ನಿಮ್ಮ ಚಿತ್ರಗಳ ಹಿಂದೆ. ನಮ್ಮ ಭಾಗದ ಎಷ್ಟೋ ವಾಡೆ, ಗುಡಿಗಳು ಹಾಳಾದದ್ದು ರಿಪೇರಿ ಇಲ್ಲದೆ ಅಲ್ಲ, ಈ ರಿಪೇರಿಯಿಂದ.

ಮೊದಲು ನೀರಿನ ಮೂಲ ನೋಡಿ. ಮಾಳಿಗೆಯ ನೀರು ಎಲ್ಲಿ ಬೀಳುತ್ತದೆ? ಗೋಡೆಯ ಬುಡಕ್ಕೇ ಬೀಳುತ್ತಿದ್ದರೆ ಕೊಳವೆ ಉದ್ದ ಮಾಡಿ ದೂರ ಬಿಡಿಸಿ. ಅಂಗಳದ ಇಳಿಜಾರು ಗೋಡೆಯ ಕಡೆಗಿದ್ದರೆ ತಿರುಗಿಸಿ. ಗೋಡೆಗೆ ಒತ್ತಿ ಹಾಕಿದ ಮಣ್ಣು, ಕಾಂಕ್ರೀಟ್ ಇದ್ದರೆ ತೆಗೆಸಿ. ಒಂದು ಬೇಸಿಗೆ ಹಾಗೇ ಒಣಗಲು ಬಿಡಿ. ಉಪ್ಪನ್ನು ಒಣ ಬ್ರಷ್‌ನಿಂದ ಉಜ್ಜಿ, ಪುಡಿಯನ್ನು ಮೊರದಲ್ಲಿ ಹಿಡಿದು ಹೊರಗೆ ಚೆಲ್ಲಿ. ನೀರು ಹಾಕಿ ತೊಳೆದರೆ ಅದು ಕರಗಿ ಮತ್ತೆ ಒಳಗೇ ಹೋಗುತ್ತದೆ. ಆಮೇಲೆ ಒಂದು ಪಾಲು ಅರಳಿಸಿದ ಸುಣ್ಣಕ್ಕೆ ಮೂರು ಪಾಲು ತೊಳೆದ ಮರಳು ಸೇರಿಸಿದ ಗಾರೆ, ಒಂದು ಪದರ 10ರಿಂದ 12 ಮಿ.ಮೀ. ಮೀರದಂತೆ. ದಪ್ಪ ಬಳಿದರೆ ಮೇಲ್ಮೈ ಒಣಗಿ ಬಿರಿಯುತ್ತದೆ, ಒಳಗೆ ಹಸಿಯೇ ಉಳಿಯುತ್ತದೆ. ಸುಣ್ಣ ಗಟ್ಟಿಯಾಗುವುದು ಗಾಳಿಯಿಂದ, ನಿಧಾನವಾಗಿ. ಅದಕ್ಕೆ ಬಿಸಿಲು ಬೀಳದಂತೆ ಗೋಣಿ ಇಳಿಬಿಟ್ಟು ದಿನಾ ನೀರು ಚಿಮುಕಿಸಬೇಕು. ಬಣ್ಣವೂ ಸುಣ್ಣದ್ದೇ ಆಗಲಿ, ಪ್ಲಾಸ್ಟಿಕ್ ಪೇಂಟ್ ಹಚ್ಚಿದರೆ ಸಿಮೆಂಟಿನ ಕತೆಯೇ ಮರುಕಳಿಸುತ್ತದೆ.

ಚಿತ್ರವನ್ನು ಹೊರಗೋಡೆಗೆ ಹಾಕದೆ ಒಳಗೋಡೆಗೆ ಹಾಕಿ. ಮೊಳೆ ಗೋಡೆಗೆ ಬೇಡ. ಮೇಲೆ ತೊಲೆಯ ಕೆಳಗೆ ಒಂದು ಮರದ ಪಟ್ಟಿ ಕೂಡಿಸಿ, ಅದರಿಂದ ಉಕ್ಕಿನ ತಂತಿಯಲ್ಲಿ ಇಳಿಬಿಡಿ. ಚಿತ್ರದ ನಟ್ಟನಡು ನೆಲದಿಂದ 145ರಿಂದ 150 ಸೆಂ.ಮೀ. ಎತ್ತರಕ್ಕೆ ಬರಲಿ. ಎಲ್ಲ ಚಿತ್ರಗಳಿಗೂ ಈ ನಡು ಒಂದೇ ಇದ್ದರೆ ಸಾಲು ತಾನೇ ಸರಿಕಾಣುತ್ತದೆ. ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗೆ ಬೂಚಿನ ತುಂಡು ಅಂಟಿಸಿ ಗೋಡೆಗೂ ಚಿತ್ರಕ್ಕೂ ಎರಡು ಮೂರು ಸೆಂ.ಮೀ. ಸಂದು ಬಿಡಿ, ಗಾಳಿಯಾಡದಿದ್ದರೆ ಹಿಂದೆ ಬೂಸು ಹಿಡಿಯುತ್ತದೆ. ಗೋಡೆಯ ಗೂಡುಗಳನ್ನು ಮುಚ್ಚಿಸಬೇಡಿ, ಸಣ್ಣ ವಸ್ತು ಇಡಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ವರ್ಷಕ್ಕೆರಡು ಸಲ, ಮಳೆಗಾಲದ ಮೊದಲು ಮತ್ತು ನಂತರ, ಪ್ರತಿ ಚೌಕಟ್ಟನ್ನೂ ಇಳಿಸಿ ಹಿಂದೆ ಗೆದ್ದಲಿನ ಮಣ್ಣು ಇದೆಯೇ ನೋಡಿ. ಕಾಗದದ ಮೇಲಿನ ಚಿತ್ರಗಳನ್ನು ಪಡಸಾಲೆಯಲ್ಲಿ ಹಾಕಬೇಡಿ. ಅಲ್ಲಿ ಬಿಸಿಲು ಬೀಳದಿದ್ದರೂ ಅಂಗಳದಿಂದ ಪುಟಿದು ಬರುವ ಬೆಳಕೇ ಹೆಚ್ಚಾಯಿತು.

ಪ್ರಶ್ನೆ: ಬೀದರಿನ ಅಂಗಡಿಯಲ್ಲಿ ಬಿದ್ರಿ ಸಾಮಾನು ತಗೋಬೇಕು. ಅಸಲಿ ಹೌದೋ ಅಲ್ಲೋ ಹೆಂಗ ತಿಳೀಬೇಕು? (ಸೇಡಂ)

ಉತ್ತರ: ಬಿದ್ರಿಯ ಲೋಹ ಸತು ಮತ್ತು ತಾಮ್ರ, ಸತುವೇ ಬಹಳ ಹೆಚ್ಚು, ಸುಮಾರು 16 ಪಾಲಿಗೆ ಒಂದು ಪಾಲು ತಾಮ್ರ. ಆದ್ದರಿಂದ ಅಯಸ್ಕಾಂತ ಹಿಡಿದರೆ ಅಂಟಬಾರದು, ಅಂಟಿದರೆ ಒಳಗೆ ಕಬ್ಬಿಣವಿದೆ. ಬೆಳ್ಳಿಯ ಗೆರೆಯ ಮೇಲೆ ಕಣ್ಣು ಮುಚ್ಚಿ ಬೆರಳಾಡಿಸಿ, ಮೈಯೊಂದಿಗೆ ಸಮವಾಗಿರಬೇಕು. ಕೊರೆದ ಕಾಲುವೆಯಲ್ಲಿ ಬೆಳ್ಳಿ ಬಡಿದು ಕೂಡಿಸಿ ಆಮೇಲೆ ಅರದಿಂದ ಸಮ ಮಾಡಿರುತ್ತಾರೆ. ಉಬ್ಬು ಸಿಕ್ಕರೆ ಮೇಲೆ ಬಳಿದ ಬಣ್ಣವಿರಬಹುದು. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿದಾಗ ಕಪ್ಪು ಹತ್ತಬಾರದು. ಅಸಲಿ ಕಪ್ಪು ಬಳಿದದ್ದಲ್ಲ, ಕೋಟೆಯ ಮಣ್ಣು ಮತ್ತು ನವಸಾಗರ ಕಲಸಿದ ಬಿಸಿ ನೀರಿನಲ್ಲಿ ಲೋಹವೇ ಕಪ್ಪಾಗಿರುತ್ತದೆ. ಬೆಳ್ಳಿಗೆ ಆ ಮಣ್ಣು ಹತ್ತುವುದಿಲ್ಲ. ಮನೆಗೆ ತಂದ ಮೇಲೆ ಹುಣಸೆಹಣ್ಣು, ಪಾತ್ರೆ ಪುಡಿ ಹಾಕಿ ತಿಕ್ಕಬೇಡಿ. ಕಪ್ಪು ಮಾಸಿದರೆ ಹನಿ ಕೊಬ್ಬರಿ ಎಣ್ಣೆ ಹಚ್ಚಿ ಮೆತ್ತನೆ ಬಟ್ಟೆಯಿಂದ ಒರೆಸಿ. 2006ರಿಂದ ಬಿದ್ರಿಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಇದೆ.

ಪ್ರಶ್ನೆ: ಅಪ್ಪನಿಗೆ 78, ಮೊಳಕಾಲು ನೋವು. ಬೀದರ್ ಕೋಟೆ ಮ್ಯೂಸಿಯಂಗೆ ಕರೆದೊಯ್ಯಬಹುದೇ? (ಭಾಲ್ಕಿ)

ಉತ್ತರ: ಮ್ಯೂಸಿಯಂ, ಸೋಲಾ ಖಂಬ್, ಲಾಲ್ ಬಾಗ್ ಒಂದೇ ಕಡೆ ಇರುವುದರಿಂದ ಅಷ್ಟನ್ನು ಮಾಡಿಸಬಹುದು. ಉಳಿದದ್ದರ ಆಸೆ ಇಟ್ಟುಕೊಳ್ಳಬೇಡಿ, ದಾರಿ ಏರುತಗ್ಗು. ಹಳೆಯ ಕಟ್ಟಡಗಳಲ್ಲಿ ಎಡವುವುದು ಮೆಟ್ಟಿಲಲ್ಲಿ ಅಲ್ಲ, ಎತ್ತರದ ಹೊಸ್ತಿಲಲ್ಲಿ. ಹೊರಗಿನ ಬೆಳಕಿನಿಂದ ಒಳಗಿನ ಮಬ್ಬಿಗೆ ಕಾಲಿಡುವ ಹೊತ್ತಿನಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ. ನೀವು ಮೊದಲು ದಾಟಿ, ಒಳಗಿನಿಂದ ಕೈ ಕೊಡಿ. ಮಡಚುವ ಸ್ಟೂಲ್ ಒಂದು ಜೊತೆಗಿರಲಿ.

ಪ್ರಶ್ನೆ: ಶಿಲ್ಪ ಬಿಟ್ಟು, ಚಿತ್ರಕಲೆಗೇ ಮೀಸಲಾದ ಇಂಥ ಹಳೆಯ ಕಟ್ಟಡ ರಾಜ್ಯದಲ್ಲಿ ಎಲ್ಲಿದೆ? ರಜೆಯಲ್ಲಿ ಹೋಗಬೇಕು. (ಶಹಾಪುರ)

ಉತ್ತರ: ಎರಡು ಇವೆ. ಮೈಸೂರಿನ ಜಗನ್ಮೋಹನ ಅರಮನೆ 1861ರಲ್ಲಿ ಮುಗಿದದ್ದು, 1915ರಿಂದ ಚಿತ್ರಶಾಲೆ. ರವಿವರ್ಮನ ಚಿತ್ರಗಳೂ ಹಳದಣಕರ್ ಬರೆದ ದೀಪ ಹಿಡಿದ ಹೆಣ್ಣಿನ ಚಿತ್ರವೂ ಅಲ್ಲಿವೆ. ಬೆಂಗಳೂರಿನ ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿ 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ ನಡೆಯುತ್ತಿದೆ, ಸೋಮವಾರ ರಜೆ. ಎರಡರಲ್ಲಿ ಒಂದಕ್ಕೆ ಮಾತ್ರ ಹೊತ್ತಿದ್ದರೆ, ಮಕ್ಕಳಿದ್ದರೆ ಮೈಸೂರು, ಚಿತ್ರ ಬರೆಯುವವರಾದರೆ ಬೆಂಗಳೂರು. ನಿಮ್ಮ ಪಕ್ಕದ ಸುರಪುರದಲ್ಲಿ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಇದ್ದ ಟೇಲರ್ ಮಂಜಿಲ್ ಇದೆ. ಅದು ಮ್ಯೂಸಿಯಂ ಅಲ್ಲ, ಆದರೆ ಗುಡ್ಡದ ಮೇಲಿನ ಆ ಬಂಗಲೆಯನ್ನು ನೋಡಲು ರಜೆಗೆ ಕಾಯಬೇಕಿಲ್ಲ, ಒಂದು ಭಾನುವಾರ ಸಾಕು.